ಬಾಣಂತಿಯ ಮನಸ್ಸನ್ನು ವಿಚಾರಿಸುವವರು ಯಾರು?

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯೆಂದ ಮೇಲೆ ಶಾಲೆ ಬೆಳೆದುಬಂದ ಬಗೆ, ಅಗಲಿದ ಗುರುಹಿರಿಯರ ನೆನಪು, ಗಡಿನಾಡ ಕನ್ನಡದ ಅಳಿವು ಉಳಿವಿನ ಚಿಂತೆ ಇವೆಲ್ಲ ಇರತಕ್ಕದ್ದೇ. ಇವುಗಳ ನಡುವೆ ಬಾಣಂತಿಯ ಮನಸ್ಸಿನ ಪ್ರಸ್ತಾಪ ಎಲ್ಲಿಂದ ಬಂತೆಂದು ಕೆಲವರು ಹುಬ್ಬೇರಿಸಬಹುದು. ಆದರೆ ಒಂದನೆಯ ತರಗತಿಗೆ ಬರುವ ಮಗು ಕನ್ನಡವನ್ನು ಕಲಿಯತೊಡಗುವುದು ನಮ್ಮ ಕರಿಹಲಗೆಯ ಮುಂದೆ ಅಲ್ಲ. ಅದಕ್ಕೆ ಐದು ವರ್ಷ ಮೊದಲೇ, ತಾಯಿಯ ತೊಡೆಯ ಮೇಲೆ ಮಲಗಿ, ಅವಳ ಮುಖವನ್ನೇ ನೋಡುತ್ತ ಅದು ಕಲಿಕೆಯನ್ನು ಆರಂಭಿಸಿರುತ್ತದೆ. ಆ ಮುಖ ಬಾಡಿದ್ದರೆ, ಆ ಬಾಯಿಗೆ ಮಾತೇ ಬೇಡವಾಗಿದ್ದರೆ, ಮಗುವಿಗೆ ದೊರೆಯಬೇಕಾದ ಮೊದಲ ಪಾಠಕ್ಕೇ ಕುಂದುಂಟಾಗುತ್ತದೆ. ಮಾತೃಭಾಷೆಯ ಹೆಸರಿನಲ್ಲಿ ಶಾಲೆ ಕಟ್ಟಿದ ನಾವು ಮಾತೆಯ ಕ್ಷೇಮವನ್ನು ವಿಚಾರಿಸದೆ ಇರುವುದು ಹೇಗೆ?

ನಮ್ಮ ಕಾಸರಗೋಡು, ಮಂಜೇಶ್ವರ ಸೀಮೆಯಲ್ಲಿ ಬಾಣಂತನದ ಉಪಚಾರಕ್ಕೆ ಕೊರತೆಯಿಲ್ಲ. ತವರುಮನೆಯ ಬೆಚ್ಚಗಿನ ಕೋಣೆ, ಎಣ್ಣೆ ತಿಕ್ಕಿ ಹಂಡೆಯ ಬಿಸಿನೀರಿನ ಸ್ನಾನ, ಕಷಾಯ, ಲೇಹ್ಯ, ಕಾಳುಮೆಣಸಿನ ಸಾರು, ಮಗುವನ್ನು ನೀಡಿದ ಕಾಲುಗಳ ಮೇಲೆ ಮಲಗಿಸಿ ಮೀಯಿಸುವ ಪಳಗಿದ ಅಜ್ಜಿ, ಇವೆಲ್ಲ ಈಗಲೂ ಅನೇಕ ಮನೆಗಳಲ್ಲಿ ಉಳಿದಿವೆ. ಇದನ್ನೆಲ್ಲ ಮೂಢನಂಬಿಕೆಯೆಂದು ತಳ್ಳಿಹಾಕುವವರ ಪೈಕಿ ನಾನಲ್ಲ. ವರ್ಷವಿಡೀ ದುಡಿಯುವ ಹೆಣ್ಣಿಗೆ ನಲವತ್ತು ದಿನ ಒಲೆಯ ಮುಂದೆ ಹೋಗಬೇಡವೆನ್ನುವ ಸಂಪ್ರದಾಯವನ್ನು ಕಂಡುಹಿಡಿದವರು ವಿವೇಕಿಗಳೇ ಇರಬೇಕು. ಆದರೆ ಈ ಉಪಚಾರವೆಲ್ಲ ಶರೀರಕ್ಕೆ. ನೋಡಲು ಬರುವ ನೆಂಟರಿಷ್ಟರು ಕೇಳುವ ಪ್ರಶ್ನೆಗಳನ್ನು ಗಮನಿಸಿರಿ: ಮಗು ಯಾರ ಹಾಗಿದೆ? ತೂಕ ಎಷ್ಟು? ಹಾಲು ಸಾಕಾಗುತ್ತದೆಯೇ? ಸಿಸೇರಿಯನ್ ಆಯಿತೇ? "ನಿನಗೆ ನಿದ್ದೆ ಬರುತ್ತದೆಯೇ ಮಗಳೇ, ಮನಸ್ಸು ಹೇಗಿದೆ?" ಎಂದು ಕೇಳುವವರು ಅಪರೂಪ. ಕೇಳಿದರೂ ಉತ್ತರಕ್ಕೆ ಕಾಯುವವರು ಇನ್ನೂ ಅಪರೂಪ.

ಹೆರಿಗೆಯಾದ ಮೂರನೆಯ ನಾಲ್ಕನೆಯ ದಿನದಿಂದ ಕಾರಣವಿಲ್ಲದೆ ಕಣ್ಣು ತುಂಬಿಬರುವುದು ಅರ್ಧಕ್ಕಿಂತ ಹೆಚ್ಚು ತಾಯಂದಿರಲ್ಲಿ ಕಂಡುಬರುತ್ತದೆ. ಅದು ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ಇಳಿಯದೆ ಉಳಿದು ನಿದ್ದೆ, ಹಸಿವು, ಆಸಕ್ತಿ ಎಲ್ಲವನ್ನೂ ಕಸಿದುಕೊಳ್ಳುವುದು ಬೇರೆ. ಅದನ್ನು ವೈದ್ಯರು ಪ್ರಸವೋತ್ತರ ಖಿನ್ನತೆ ಎನ್ನುತ್ತಾರೆ. ನಮ್ಮ ಹಿರಿಯರು 'ಬಾಣಂತಿ ಸನ್ನಿ' ಎಂದು ಕರೆಯುತ್ತಿದ್ದುದು ಮೂರನೆಯ ಬಗೆ. ಸಾವಿರಕ್ಕೆ ಒಬ್ಬಿಬ್ಬರಲ್ಲಿ ಕಾಣಿಸುವ, ಇಲ್ಲದ ಧ್ವನಿ ಕೇಳಿಸುವ, ದಿನಗಟ್ಟಲೆ ನಿದ್ದೆಯೇ ಇಲ್ಲದ ಉಗ್ರ ಸ್ಥಿತಿ ಅದು. ಅದಕ್ಕೆ ಅಂದೇ ಆಸ್ಪತ್ರೆ ಬೇಕು. ಮೊದಲು ತಾಯತ, ಆಮೇಲೆ ಡಾಕ್ಟರು ಎಂಬ ಕ್ರಮದಲ್ಲಿ ಎರಡು ಜೀವಗಳು ಅಪಾಯಕ್ಕೆ ಸಿಲುಕುತ್ತವೆ. ಆದರೆ ಸನ್ನಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಯಾರ ಕಣ್ಣಿಗೂ ಬೀಳದೆ ಕೋಣೆಯ ಮೂಲೆಯಲ್ಲಿ ತಿಂಗಳುಗಟ್ಟಲೆ ಕುಳಿತಿರುವುದು ಖಿನ್ನತೆ. ಈ ಲೇಖನದ ಕಾಳಜಿ ಮುಖ್ಯವಾಗಿ ಅದರ ಕುರಿತು.

ಖಿನ್ನತೆ ತಾಯಿ ಮತ್ತು ಮಗುವಿನ ನಡುವೆ ಹೇಗೆ ಬಂದು ನಿಲ್ಲುತ್ತದೆ? ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಮಾಡಿದ ಒಂದು ಪ್ರಯೋಗ ಈಗ ಪ್ರಸಿದ್ಧವಾಗಿದೆ. ತಾಯಿ ಮಗುವಿನ ಎದುರು ಕುಳಿತು ನಗುತ್ತ ಮಾತಾಡಿಸುತ್ತಾಳೆ. ಆಮೇಲೆ, ಮೊದಲೇ ಹೇಳಿಕೊಟ್ಟಂತೆ, ಕೆಲವು ನಿಮಿಷ ಮುಖದಲ್ಲಿ ಯಾವ ಭಾವವನ್ನೂ ತೋರಿಸದೆ ಸುಮ್ಮನೆ ನೋಡುತ್ತಾಳೆ. ಕೆಲವೇ ತಿಂಗಳ ಕೂಸು ಅದನ್ನು ಕೂಡಲೇ ಗುರುತಿಸುತ್ತದೆ. ನಗುತ್ತದೆ, ಕೂಗುತ್ತದೆ, ಕೈ ಚಾಚುತ್ತದೆ. ಏನೂ ಫಲಿಸದಿದ್ದಾಗ ಮುಖ ತಿರುಗಿಸಿಬಿಡುತ್ತದೆ. ಪ್ರಯೋಗದಲ್ಲಿ ಇದು ಎರಡು ಮೂರು ನಿಮಿಷದ ಮಾತು. ಖಿನ್ನತೆಗೊಳಗಾದ ತಾಯಿಯ ಮನೆಯಲ್ಲಿ ಇದು ದಿನನಿತ್ಯದ ಸಂಗತಿಯಾಗಬಹುದು. ಅವಳು ಹೊತ್ತಿಗೆ ಸರಿಯಾಗಿ ಹಾಲೂಡುತ್ತಾಳೆ, ಬಟ್ಟೆ ಬದಲಿಸುತ್ತಾಳೆ, ಕರ್ತವ್ಯದಲ್ಲಿ ಲೋಪವಿಲ್ಲ. ಆದರೆ ಮಗುವಿನ 'ಊಂ' ಎಂಬುದಕ್ಕೆ ಮರಳಿ 'ಊಂ' ಎನ್ನುವ ಚೈತನ್ಯ ಅವಳಲ್ಲಿ ಉಳಿದಿರುವುದಿಲ್ಲ. ಕೆಲವರಲ್ಲಿ ಇದರ ವಿರುದ್ಧ ರೂಪವೂ ಉಂಟು: ಮಗು ಉಸಿರಾಡುತ್ತಿದೆಯೇ ಎಂದು ರಾತ್ರಿಯೆಲ್ಲ ಮುಟ್ಟಿ ನೋಡುವುದು, ಮಲಗಿದ ಮಗುವನ್ನು ಎಬ್ಬಿಸುವುದು.

ಅದೇ ಟ್ರಾನಿಕ್ ಅವರ ಇನ್ನೊಂದು ಮಾತು ಇಷ್ಟು ಪ್ರಚಾರ ಪಡೆಯಲಿಲ್ಲ. ಆರೋಗ್ಯವಂತ ತಾಯಿಮಕ್ಕಳ ಭಾವಗಳೂ ಸದಾಕಾಲ ಹೊಂದಿಕೊಂಡಿರುವುದಿಲ್ಲ. ಹೊಂದಿರುವುದು ಹೆಚ್ಚೆಂದರೆ ಮೂರರಲ್ಲೊಂದು ಪಾಲಿನ ಹೊತ್ತು. ಉಳಿದ ಹೊತ್ತೆಲ್ಲ ತಪ್ಪುವುದು, ಮತ್ತೆ ಸರಿಪಡಿಸಿಕೊಳ್ಳುವುದು. ಬಾಂಧವ್ಯವೆಂಬುದು ಈ ಸರಿಪಡಿಸುವಿಕೆಯಲ್ಲಿಯೇ ಬೆಳೆಯುತ್ತದೆ. ಆದುದರಿಂದ ಮೊದಲ ಎರಡು ತಿಂಗಳಲ್ಲಿ ಮಗುವಿನ ಮೇಲೆ ಪ್ರೀತಿ ಉಕ್ಕಲಿಲ್ಲವೆಂದು ಹೆದರುವ ತಾಯಿಗೆ ಎಲ್ಲವೂ ಮುಗಿದುಹೋಯಿತೆಂಬ ಮಾತು ಸುಳ್ಳು. ಅವಳಿಗೆ ಚಿಕಿತ್ಸೆ ಬೇಕು, ಹೊತ್ತು ಬೇಕು, ಜೊತೆಗೆ ಜನ ಬೇಕು.

ಇದು ಪಾಶ್ಚಾತ್ಯರ ಕಾಯಿಲೆ, ನಮ್ಮಲ್ಲಿಲ್ಲ ಎನ್ನುವವರು ನೆರೆಯ ಗೋವೆಯನ್ನು ನೋಡಬೇಕು. ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಅಲ್ಲಿ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆರಿಗೆಯಾದ ಆರರಿಂದ ಎಂಟು ವಾರಗಳ ಹೊತ್ತಿಗೆ ಶೇಕಡಾ 23ರಷ್ಟು ತಾಯಂದಿರಲ್ಲಿ ಖಿನ್ನತೆ ಕಂಡುಬಂತು. ಬಡತನ, ಗಂಡಹೆಂಡಿರ ನಡುವಣ ವಿರಸ, ಹುಟ್ಟಿದ್ದು ಹೆಣ್ಣುಮಗು ಎಂಬ ಸಂಗತಿ, ಇವು ಅದಕ್ಕೆ ಇಂಬುಕೊಟ್ಟ ಕಾರಣಗಳು. ಮರುವರ್ಷ ಪ್ರಕಟವಾದ ಮುಂದಿನ ಭಾಗದಲ್ಲಿ, ಅಂಥ ತಾಯಂದಿರ ಮಕ್ಕಳು ಆರು ತಿಂಗಳಲ್ಲಿ ತೂಕದಲ್ಲಿಯೂ ಮನೋವಿಕಾಸದಲ್ಲಿಯೂ ಹಿಂದುಳಿದಿದ್ದುದು ತಿಳಿದುಬಂತು. ಭಾರತದ ಮೂವತ್ತೆಂಟು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯೂ ಶೇಕಡಾ 22 ಎಂದೇ ಹೇಳುತ್ತದೆ. ಎಂದರೆ ಐವರು ಬಾಣಂತಿಯರಲ್ಲಿ ಒಬ್ಬಳು. ಮಗುವಿನ ತೂಕ ಏರಲಿಲ್ಲವೆಂದು ಅಂಗನವಾಡಿಯಲ್ಲಿ ಪೌಷ್ಟಿಕ ಹುಡಿಯ ಪೊಟ್ಟಣ ಕೊಟ್ಟು ಕಳುಹಿಸುವಾಗ, ತೂಕ ಇಳಿದದ್ದು ಎಲ್ಲಿಂದ ಎಂದು ಯೋಚಿಸುವವರು ಬೇಕಾಗಿದ್ದಾರೆ.

"ನಮ್ಮ ಅಜ್ಜಿಯರು ಹತ್ತು ಹೆತ್ತರು, ಅವರಿಗೆ ಈ ಖಿನ್ನತೆ ಗಿನ್ನತೆ ಇರಲಿಲ್ಲ" ಎಂಬ ಮಾತು ನಮ್ಮ ಜಗಲಿಗಳಲ್ಲಿ ಆಗಾಗ ಕೇಳಿಬರುತ್ತದೆ. ಇರಲಿಲ್ಲವೆಂದಲ್ಲ, ಹೆಸರಿರಲಿಲ್ಲ. ದೃಷ್ಟಿ, ಸೋಂಕು, ಉಪದ್ರ ಎಂದೆಲ್ಲ ಕರೆದುಬಿಡುತ್ತಿದ್ದರು. ಊರಿನ ಹಳೆಯ ಬಾವಿಗಳ ಕಥೆ ಬಲ್ಲ ಹಿರಿಯರು ಈ ಮಾತನ್ನು ಅಷ್ಟು ಸಲೀಸಾಗಿ ಆಡಲಾರರು. ಮತ್ತೊಂದು ಬದಿಯಲ್ಲಿ, ಮಗುವಿಗೆ ಏನೇ ಆದರೂ ತಾಯಿಯೇ ಕಾರಣವೆನ್ನುವ ಚಾಳಿ ಅಷ್ಟೇ ಕೆಟ್ಟದ್ದು. ಅದನ್ನು ವಿದ್ವಾಂಸರೂ ಮಾಡಿದ್ದಾರೆ. ಕಳೆದ ಶತಮಾನದ ಮಧ್ಯಭಾಗದಲ್ಲಿ, ತಾಯಂದಿರ ಪ್ರೀತಿಯ ಕೊರತೆಯಿಂದ ಮಕ್ಕಳಿಗೆ ಆಟಿಸಂ ಬರುತ್ತದೆಂಬ ವಾದ ಪಶ್ಚಿಮದಲ್ಲಿ ಮೆರೆಯಿತು. ವಿಜ್ಞಾನ ಅದನ್ನು ಪೂರ್ಣವಾಗಿ ತಳ್ಳಿಹಾಕಿತಾದರೂ ಅಷ್ಟರಲ್ಲಿ ಎಷ್ಟೋ ತಾಯಂದಿರು ಮಾಡದ ಅಪರಾಧಕ್ಕೆ ತಲೆತಗ್ಗಿಸಿದ್ದರು.

ಈ ಮಾತು ನಮ್ಮ ಜಿಲ್ಲೆಗೆ ಹೊರಗಿನದಲ್ಲ. ಎಣ್ಮಕಜೆಯ ಪಡ್ರೆಯೇ ಮೊದಲಾದ ಊರುಗಳ ಸುತ್ತಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಆ ಪಟ್ಟಿಗಳಲ್ಲಿ ಇರುವುದು ಮಕ್ಕಳ ಹೆಸರು. ತಲೆ ಎತ್ತಲಾರದ, ಕರೆದರೆ ತಿರುಗಲಾರದ ಮಗುವನ್ನು ಇಪ್ಪತ್ತು ಮೂವತ್ತು ವರ್ಷ ಎತ್ತಿ ಉಣಿಸಿದ ತಾಯಿಯ ಮನಸ್ಸಿಗೆ ಯಾವ ಪಟ್ಟಿಯಲ್ಲಿ ಸ್ಥಳವಿದೆ? ಬಾಂಧವ್ಯವೆಂದರೆ ಎರಡು ಕಡೆಯಿಂದ ನೇಯುವ ಬಟ್ಟೆ ಎನ್ನುತ್ತೇವೆ. ಒಂದು ಕಡೆಯಿಂದ ನೂಲೇ ಬಾರದಾಗಲೂ ನೇಯುತ್ತಲೇ ಇದ್ದ ಹೆಂಗಸರು ಇಲ್ಲಿದ್ದಾರೆ. ಅವರನ್ನು ತ್ಯಾಗಮಯಿಗಳೆಂದು ಹೊಗಳಿ ಶಾಲು ಹೊದೆಸುವುದು ಸುಲಭ. ವಾರಕ್ಕೊಂದು ರಾತ್ರಿ ಅವರಿಗೆ ನಿಶ್ಚಿಂತೆಯಿಂದ ನಿದ್ರಿಸಲು ಅನುಕೂಲ ಮಾಡಿಕೊಡುವುದು ಕಷ್ಟ.

ಗಡಿನಾಡಿನವರಾದ ನಮಗೆ ಇನ್ನೊಂದು ತೊಡಕು ಇದೆ. ಕೇರಳದ ಆರೋಗ್ಯ ವ್ಯವಸ್ಥೆ ದೇಶಕ್ಕೇ ಮಾದರಿಯೆಂಬುದನ್ನು ಒಪ್ಪಿಕೊಳ್ಳಲೇಬೇಕು. ತಾಯಂದಿರ ಮನಃಸ್ವಾಸ್ಥ್ಯಕ್ಕಾಗಿ 'ಅಮ್ಮ ಮನಸ್ಸ್' ಎಂಬ ಕಾರ್ಯಕ್ರಮವನ್ನೂ ಇಲ್ಲಿನ ಸರಕಾರ ರೂಪಿಸಿದೆ. ಆದರೆ ಮನಸ್ಸನ್ನು ವಿಚಾರಿಸುವುದು ಭಾಷೆಯ ಮೂಲಕ. ರಕ್ತದೊತ್ತಡ ಅಳೆಯಲು ಭಾಷೆ ಬೇಡ; ದುಃಖ ಅಳೆಯಲು ಬೇಕು. ಕನ್ನಡವೋ ತುಳುವೋ ಮನೆಮಾತಾಗಿರುವ ಬಾಣಂತಿ "ಹೊಟ್ಟೆಯಲ್ಲಿ ಸಂಕಟ" ಎಂದರೆ ಅದು ಓಕರಿಕೆಯೋ ವ್ಯಥೆಯೋ? ಮಲಯಾಳದಲ್ಲಿ ಆ ಪದಕ್ಕೆ ಅರ್ಥ ದುಃಖವೆಂದೇ. "ತಲೆಬಿಸಿ" ಎಂದರೆ ತೆಂಕಣದಿಂದ ಬಂದ ದಾದಿ ಜ್ವರಮಾಪಕ ಹುಡುಕಬಹುದು. ಎಲ್ಲಕ್ಕಿಂತ ವಂಚಕವಾದ ಮಾತು "ಉದಾಸೀನ". ನಮ್ಮ ಸೀಮೆಯಲ್ಲಿ ಅದಕ್ಕೆ ಸೋಮಾರಿತನವೆಂಬ ಅರ್ಥ. "ಏಳಲಿಕ್ಕೇ ಉದಾಸೀನ ಆಗುತ್ತದೆ" ಎಂದು ಸೊಸೆ ಹೇಳಿದರೆ ಅತ್ತೆಗೆ ಕೇಳಿಸುವುದು ಮೈಗಳ್ಳತನ. ಸೊಸೆ ಹೇಳಿದ್ದಾದರೋ ರೋಗದ ಮೊದಲ ಲಕ್ಷಣವನ್ನು.

ಇಂಥ ತಾಯಂದಿರನ್ನು ಗುರುತಿಸಲು ಜಗತ್ತಿನಾದ್ಯಂತ ಬಳಸುವ ಹತ್ತು ಪ್ರಶ್ನೆಗಳ ಪಟ್ಟಿಯೊಂದಿದೆ. ಎಡಿನ್‌ಬರೋ ಮಾಪಕವೆಂದು ಹೆಸರಾದ ಅದನ್ನು 1987ರಲ್ಲಿ ಜಾನ್ ಕಾಕ್ಸ್ ಮತ್ತು ಸಂಗಡಿಗರು ಸಿದ್ಧಪಡಿಸಿದರು. ಅದರ ಒಂದು ಪ್ರಶ್ನೆ ಇಂಗ್ಲಿಷಿನ ನುಡಿಗಟ್ಟೊಂದನ್ನು ಆಧರಿಸಿದೆ. ಪದಶಃ ಅನುವಾದಿಸಿದರೆ ತನ್ನ ಮೇಲೆ ಏನೋ ಹತ್ತಿ ಕುಳಿತಿದೆ ಎಂದಾದೀತು. ನಮ್ಮ ಊರಿನಲ್ಲಿ ಹಾಗೆ ಕೇಳಿದರೆ ಮನೆಯವರು ಮಂತ್ರವಾದಿಯನ್ನೇ ಕರೆದಾರು! "ಯಾವುದೂ ನನ್ನಿಂದ ಸುಧಾರಿಸಲಿಕ್ಕೆ ಆಗುವುದಿಲ್ಲ ಅಂತ ಕಾಣುತ್ತದಾ?" ಎಂದು ಕೇಳಬೇಕಾದೀತು. ಅಷ್ಟನ್ನು ತಿಳಿದು ಕೇಳಬಲ್ಲವರು ಇಲ್ಲಿಯವರೇ. ಭಾಷಾ ಅಲ್ಪಸಂಖ್ಯಾತರ ಹಕ್ಕೆಂದರೆ ನಾವು ಪಠ್ಯಪುಸ್ತಕ, ಅಧ್ಯಾಪಕರ ನೇಮಕ, ಸರಕಾರಿ ಅರ್ಜಿಗಳ ಬಗೆಗೇ ಹೋರಾಡುತ್ತ ಬಂದಿದ್ದೇವೆ. ಅದು ಅಗತ್ಯವೂ ಹೌದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಾಣಂತಿಗೆ ತನ್ನ ಮಾತಿನಲ್ಲಿ ಅಳಲು ಸಾಧ್ಯವಾಗುವುದೂ ಆ ಹಕ್ಕಿನ ಭಾಗವೆಂದು ನನ್ನ ಅಭಿಪ್ರಾಯ.

ಆಸರೆಯೂ ಮೊದಲಿನಂತಿಲ್ಲ. ಕೂಡುಕುಟುಂಬ ಒಡೆದಿದೆ. ಗಂಡ ಕೊಲ್ಲಿ ನಾಡಿನಲ್ಲಿದ್ದು ಮಗುವಿನ ಮುಖವನ್ನು ಮೊಬೈಲಿನಲ್ಲಿ ನೋಡುವ ಮನೆಗಳು ಎಷ್ಟಿಲ್ಲ? ತವರುಮನೆ ದಕ್ಷಿಣ ಕನ್ನಡದಲ್ಲಿ, ಗಂಡನ ಮನೆ ಇಲ್ಲಿ ಎಂಬುದು ನಮ್ಮಲ್ಲಿ ಸಾಮಾನ್ಯ. 2020ರ ಮಾರ್ಚಿನಲ್ಲಿ ಗಡಿರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ರೋಗಿಗಳನ್ನು ಹೊತ್ತ ಆಂಬುಲೆನ್ಸುಗಳೇ ತಲಪಾಡಿಯಿಂದ ಹಿಂದಿರುಗಬೇಕಾಯಿತು. ಇನ್ನು ಮಗಳ ಬಾಣಂತನಕ್ಕೆ ಬರಬೇಕಾದ ತಾಯಿಯ ಪಾಡೇನು?

ಹಾಗೆಂದು ನಿರಾಶರಾಗಬೇಕಿಲ್ಲ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಡಾ. ಆತಿಫ್ ರಹಮಾನ್ ಮತ್ತು ಸಂಗಡಿಗರು ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಾನಸಿಕ ತಜ್ಞರೇ ಇರಲಿಲ್ಲ. ನಮ್ಮ ಆಶಾ ಕಾರ್ಯಕರ್ತೆಯರಂಥ ಮಹಿಳೆಯರು ತರಬೇತಿ ಪಡೆದು, ಖಿನ್ನತೆಗೊಳಗಾದ ತಾಯಂದಿರ ಮನೆಗೆ ಗರ್ಭದ ಕೊನೆಯ ತಿಂಗಳಿಂದ ಹದಿನಾರು ಸಲ ಹೋಗಿ ಕುಳಿತು ಮಾತಾಡಿದರು. ಮಗುವಿಗೆ ಆರು ತಿಂಗಳಾಗುವ ಹೊತ್ತಿಗೆ ಅವರಲ್ಲಿ ಶೇಕಡಾ 23 ಮಂದಿಯಲ್ಲಿ ಮಾತ್ರ ಖಿನ್ನತೆ ಉಳಿದಿತ್ತು. ಈ ಮಾತುಕತೆಯ ನೆರವು ದೊರೆಯದ ತಾಯಂದಿರಲ್ಲಿ ಅದು ಶೇಕಡಾ 53 ಇತ್ತು. ತಂದೆತಾಯಿಗಳಿಬ್ಬರೂ ಮಗುವಿನೊಡನೆ ಆಟವಾಡುವುದು ಹೆಚ್ಚಿತ್ತು. ತೀವ್ರ ಸ್ಥಿತಿಯವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿಮಗುವನ್ನು ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ಘಟಕವಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರವೂ ಮೂರು ವರ್ಷದೊಳಗಿನ ಮಗುವನ್ನು ಮಾನಸಿಕ ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಸಾಮಾನ್ಯವಾಗಿ ಅಗಲಿಸತಕ್ಕದ್ದಲ್ಲ. "ಮಗು ಇಲ್ಲೇ ಇರಲಿ, ನೀನು ಹೋಗಿ ವಾಸಿಮಾಡಿಕೊಂಡು ಬಾ" ಎನ್ನುವ ಮನೆಯವರು ಈ ಕಾನೂನನ್ನು ತಿಳಿದಿರಬೇಕು.

ಮನೆಯಲ್ಲಿಯೂ ಅಷ್ಟೆ. ವಿಶ್ರಾಂತಿಯ ಹೆಸರಿನಲ್ಲಿ ಮಗುವನ್ನು ಪೂರ್ತಿಯಾಗಿ ಅಜ್ಜಿಯೇ ವಹಿಸಿಕೊಂಡು ತಾಯಿಯನ್ನು ಹಾಲೂಡಲಷ್ಟೇ ಕರೆಯುವುದು ಹಿತವಲ್ಲ. ಅಜ್ಜಿ ರಾತ್ರಿಯ ಅಳುವನ್ನು ವಹಿಸಿಕೊಳ್ಳಲಿ. ಮಿಂದು ನಗುವ ಮಗುವನ್ನು ತಾಯಿಯ ಮಡಿಲಿಗೆ ಕೊಡಲಿ. ಗಂಡಸರಿಗೂ ತೊಟ್ಟಿಲು ತೂಗಲು ಬರುತ್ತದೆ, ಕಲಿಯಬೇಕಷ್ಟೆ.

ನಮ್ಮ ಹಳೆ ವಿದ್ಯಾರ್ಥಿ ಸಂಘಕ್ಕೆ ಒಂದು ಬಿನ್ನಹ. ಮಹೋತ್ಸವದ ನೆನಪಿಗೆ ರಂಗಮಂದಿರ, ಮಹಾದ್ವಾರಗಳ ಪ್ರಸ್ತಾಪವಿದೆ, ಆಗಲಿ. ಅದರೊಡನೆ, ನಮ್ಮವರಲ್ಲಿ ದಾದಿಯರಾಗಿ, ವೈದ್ಯರಾಗಿ, ಅಂಗನವಾಡಿ ಅಧ್ಯಾಪಿಕೆಯರಾಗಿ ಇರುವವರು ಕುಳಿತು, ಬಾಣಂತಿಯ ಮನಸ್ಸನ್ನು ವಿಚಾರಿಸುವ ಪ್ರಶ್ನೆಗಳನ್ನು ನಮ್ಮ ಊರಿನ ಕನ್ನಡದಲ್ಲಿ, ತುಳುವಿನಲ್ಲಿ ಒಂದು ಹಾಳೆಗೆ ಇಳಿಸಿಕೊಡಬಹುದು. ಅದನ್ನು ಸುತ್ತಲಿನ ಅಂಗನವಾಡಿಗಳಿಗೂ ಆರೋಗ್ಯ ಕೇಂದ್ರಕ್ಕೂ ತಲುಪಿಸಬಹುದು. ಹಾಳೆಯ ಕೆಳಗೆ 14416 ಎಂಬ ಸಂಖ್ಯೆ ಇರಲಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ ಅದು. ದಿನದ ಯಾವ ಹೊತ್ತಿನಲ್ಲಿ ಕರೆದರೂ ಅಲ್ಲಿ ಮಾತಾಡುವವರು ಸಿಗುತ್ತಾರೆ, ಮತ್ತು ಕನ್ನಡವನ್ನು ಆರಿಸಿಕೊಳ್ಳಲು ಅವಕಾಶವಿದೆ.