ಜಾಗ ಇದೆ, ಆದರೂ ಜಾಗ ಇಲ್ಲ

ಹೊಸ ಫೈಲು ಮಾಡುವುದು ನಮಗೆ ಒಂದು ಕ್ಲಿಕ್ಕಿನ ಕೆಲಸ. ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್ ಸಿಸ್ಟಮ್‌ಗೆ ಮಾತ್ರ ಅದು ಎರಡು ಕೆಲಸ. ಮೊದಲು ಒಂದು ಐನೋಡ್ ಹಿಡಿಯಬೇಕು. ಫೈಲು ಯಾರದು, ಎಷ್ಟು ದೊಡ್ಡದು, ಡಿಸ್ಕಿನಲ್ಲಿ ಎಲ್ಲಿದೆ ಎಂಬುದೆಲ್ಲ ಇರುವುದು ಅದರಲ್ಲೇ, ಹೆಸರೊಂದನ್ನು ಬಿಟ್ಟು. ಹೆಸರನ್ನು ಆಮೇಲೆ ಡೈರೆಕ್ಟರಿಯಲ್ಲಿ ಬರೆಯಬೇಕು.

ಎಡವಟ್ಟಾಗುವುದು ಈ ಎರಡರ ನಡುವೆ. ಐನೋಡ್ ಸಿಕ್ಕಿತು, ಆದರೆ ಡೈರೆಕ್ಟರಿ ಬೆಳೆಯಲು ಒಂದು ಬ್ಲಾಕೂ ಉಳಿದಿಲ್ಲ ಅಂದುಕೊಳ್ಳಿ. ‘ಜಾಗವಿಲ್ಲ’ ಎಂಬ 28ನೇ ನಂಬರಿನ ಎರರ್ ಕೊಟ್ಟು ಕೈತೊಳೆದುಕೊಂಡರೆ ಸಾಲದು. ಲಿಂಕ್ ಎಣಿಕೆ ಇಳಿಸಿ, ಹಿಡಿದ ಐನೋಡನ್ನು ವಾಪಸ್ ಬಿಡಬೇಕು. ಬಿಡದಿದ್ದರೆ ಅದು ಹೆಸರಿಲ್ಲದೆ, ಯಾರ ಕಣ್ಣಿಗೂ ಬೀಳದೆ, ಎಫ್‌ಎಸ್‌ಸಿಕೆ ಓಡಿಸುವವರೆಗೂ ಅಲ್ಲೇ ಬಿದ್ದಿರುತ್ತದೆ.

ಒಂದೆರಡು ಹೋದರೇನು ಎನ್ನಬೇಡಿ. ಐನೋಡ್‌ಗಳ ಲೆಕ್ಕ ಫಾರ್ಮ್ಯಾಟ್ ಮಾಡುವಾಗಲೇ ನಿಗದಿಯಾಗಿರುತ್ತದೆ; ಸಾಮಾನ್ಯವಾಗಿ 16 ಕೆಬಿಗೆ ಒಂದು. ಅವು ಮುಗಿದರೆ ಅರ್ಧ ಡಿಸ್ಕು ಖಾಲಿಯಿದ್ದರೂ ಅದೇ 28. ‘ಡಿಎಫ್’ ನೋಡಿ ತಲೆ ಕೆರೆದುಕೊಳ್ಳುವವರು ‘ಡಿಎಫ್ -ಐ’ ಹೊಡೆದು ನೋಡಿ.

ಇಂಥ ಕೋಡು ಬಂದಾಗ ನಾನು ಓದು ಶುರುಮಾಡುವುದು ಫಂಕ್ಷನ್ನಿನ ಬುಡದಿಂದ, ‘ಗೋಟು’ಗಳು ಬಂದು ಸೇರುವ ಜಾಗದಿಂದ. ಕಾಲೇಜಿನಲ್ಲಿ ಗೋಟು ಎಂದರೆ ಮಹಾಪಾಪ. ಕರ್ನಲ್‌ನಲ್ಲಿ ಹಿಡಿದದ್ದನ್ನೆಲ್ಲ ಕೊನೆಯದರಿಂದ ಮೊದಲಿನವರೆಗೆ ಬಿಡುತ್ತಾ ಬರಲು ಅದಕ್ಕಿಂತ ನೇರವಾದ ದಾರಿ ನನಗಂತೂ ಕಂಡಿಲ್ಲ. ಟೆಸ್ಟುಗಳು ಸಾಮಾನ್ಯವಾಗಿ ಆ ಸಾಲುಗಳವರೆಗೆ ಇಳಿಯುವುದೇ ಇಲ್ಲ. ಚಿಕ್ಕದೊಂದು ಪಾರ್ಟಿಷನ್ ಮಾಡಿ, ಅದನ್ನು ಬೇಕೆಂದೇ ತುಂಬಿಸಿ, ಆಮೇಲೆ ಫೈಲು ಮಾಡಲು ಹೋಗಬೇಕು.