ರಕ್ತಗತವೋ, ಕರಗತವೋ?

ಗಿರಿನಗರದ ನಮ್ಮ ಬೀದಿಯಲ್ಲಿ ಹುಡುಗನೊಬ್ಬ ಚೆನ್ನಾಗಿ ಓದಿದರೆ ‘ವಿದ್ಯೆ ಆ ಮನೆತನಕ್ಕೆ ರಕ್ತಗತ’ ಎನ್ನುವುದು ವಾಡಿಕೆ. ಕೆಟ್ಟರೆ ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆ ಸಿದ್ಧವಾಗಿಯೇ ಇದೆ. ನನಗಿದು ಒಪ್ಪಿಗೆಯಿಲ್ಲ. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ವಿದ್ಯೆ ರಕ್ತದಲ್ಲಿಯೇ ಹರಿಯಬೇಕೆಂದರೆ ನನ್ನಂಥವರಿಗೆ ಇಲ್ಲಿ ಎಡೆಯೆಲ್ಲಿ?

ಕನ್ನಡ ಇಷ್ಟು ನಿರ್ದಯವಲ್ಲ. ಅದರಲ್ಲಿ ‘ಕರಗತ’ ಉಂಟು, ಕೈಗೆ ಬಂದದ್ದು. ‘ಮೈಗೂಡು’ ಉಂಟು, ಹೊರಗಿನದು ಬಂದು ಮೈಯೊಡನೆ ಕೂಡಿದ್ದು. ‘ಬೇರೂರು’ ಎಂಬುದೂ ಉಂಟು. ಬೇರು ಬಿಟ್ಟದ್ದನ್ನು ಕೀಳಬಹುದು. ಅಸ್ಪೃಶ್ಯತೆಗೆ ಸಲ್ಲುವ ಮಾತು ಇದೇ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ ತನ್ನ 17ನೆಯ ವಿಧಿಯಲ್ಲಿ ಅದನ್ನು ರದ್ದುಮಾಡಿತು. ಹುಟ್ಟುಗುಣವಾಗಿದ್ದರೆ ಯಾವ ಕಾನೂನು ತಾನೆ ರದ್ದುಮಾಡೀತು?

ಅಧ್ಯಾಪಕರಲ್ಲಿ ಒಂದು ಬಿನ್ನಹ: ನಡತೆಯ ಪ್ರಮಾಣಪತ್ರದಲ್ಲಿ ‘ಸ್ವಭಾವತಃ ಸುಗುಣಿ’ ಎನ್ನದೆ, ‘ಸುಗುಣಗಳನ್ನು ಮೈಗೂಡಿಸಿಕೊಂಡವನು’ ಎಂದು ದಯವಿಟ್ಟು ಬರೆಯಿರಿ.