ಗೆರೆ ಉಳಿಯಲಿ

ಭೀಮೆಯ ದಂಡೆಯ ನಮ್ಮ ಹಿರಿಯರಿಗೆ ದೋಣಿಯೆಂದರೆ ಹರಿಗೋಲು. ಬಿದಿರು ಹೆಣೆದು ತೊಗಲು ಹೊದಿಸುವ ಆ ಕೆಲಸಕ್ಕೆ ಹೆಣೆಯುವವನ ಕೈಯೇ ಅಳತೆ. ಪ್ಲೈವುಡ್ಡಿನ ದೋಣಿಯ ಮಾತು ಬೇರೆ; ಅಲ್ಲಿ ಹಲಗೆಯ ಮೇಲೆ ಎಳೆದ ಗೆರೆಯೇ ಗುರು. ಮರವಡೆಯಿಂದ ಅಕ್ಕಲಕೋಟೆಯವರೆಗಿನ ನಮ್ಮ ಮನೆಗಳ ತರುಣರು ಕಲಿಯಬಹುದಾದ ಈ ಕೈಗೆಲಸವನ್ನು ಈ ತಿಂಗಳು ವಿಚಾರಿಸೋಣ.

1963ರಲ್ಲಿ ಇಂಗ್ಲೆಂಡಿನ ಡೇಲಿ ಮಿರರ್ ಪತ್ರಿಕೆಯ ಆಶ್ರಯದಲ್ಲಿ ‘ಮಿರರ್’ ಎಂಬ ಪುಟ್ಟ ಹಾಯಿದೋಣಿ ಹೊರಬಂದಿತು. ಜ್ಯಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್ನೆಲ್ ಅದರ ರೂಪಕಾರರು. ಪ್ಲೈವುಡ್ ತುಂಡುಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದುಗಳ ಮೇಲೆ ಗಾಜಿನ ನಾರಿನ ಪಟ್ಟಿಯನ್ನು ರಾಳದಿಂದ ಅಂಟಿಸುವುದು ಅದರ ಕ್ರಮ. ಬಹುಮಟ್ಟಿಗೆ ಗೃಹಸ್ಥರೇ ಕಟ್ಟಿಕೊಂಡ ಈ ದೋಣಿಗಳ ಸಂಖ್ಯೆ 70,000ವನ್ನು ಮೀರಿತು.

ಚಪ್ಪಟೆ ಹಲಗೆಗೆ ಹೊಟ್ಟೆ ಮೂಡುವುದೆಂತು? ರವಿಕೆ ಹೊಲಿಯಬಲ್ಲ ತಾಯಂದಿರು ಇದನ್ನು ಬೇಗನೆ ಅರಿಯುವರು. ತೋಳಿನ ಬಾಗಿದ ಅಂಚನ್ನು ಹೆಗಲಿನ ಬೇರೊಂದು ಬಾಗಿಗೆ ಕೂಡಿಸಿದಾಗ ಬಟ್ಟೆ ದುಂಡಗಾಗುವುದಲ್ಲವೆ? ಹಲಗೆಯದೂ ಅದೇ ರೀತಿ. ಆದುದರಿಂದ ಅಂಚಿನ ಬಾಗು ಕೆಟ್ಟರೆ ದೋಣಿಯ ಮೈಯೇ ತಿರುಚಿಕೊಳ್ಳುತ್ತದೆ; ತಿರುಚಿದ ದೋಣಿ ನೆಟ್ಟಗೆ ಸಾಗದು.

ಹಲಗೆಯನ್ನು ಕೊಳ್ಳುವಾಗ ಐ.ಎಸ್. 710 ಎಂಬ ಮುದ್ರೆಯನ್ನು ನೋಡಬೇಕು. ಅದು ನೀರಿಗೆಂದೇ ನಿಗದಿಯಾದ ಮಾನಕ. ಗರಗಸವು ಸಣ್ಣ ಹಲ್ಲಿನದಿರಲಿ. ಹಲಗೆಯ ಕೆಳಗೆ ಉದ್ದಕ್ಕೂ ಆಸರೆ ಕೊಟ್ಟು, ಗೆರೆಯ ಹೊರಗೆ ಒಂದೆರಡು ಮಿಲಿಮೀಟರ್ ಬಿಟ್ಟು ಕೊಯ್ಯಬೇಕು. ಕೈಗರಗಸದಿಂದ ಕೊಯ್ಯುವಾಗ ಸಿಬಿರು ಏಳುವುದು ಕೆಳಮೈಯಲ್ಲಿ. ಆದ್ದರಿಂದ ಚೆಂದದ ಮೈ ಮೇಲಿರಲಿ. ಮೇಲ್ಮುಖವಾಗಿ ಕೊಯ್ಯುವ ವಿದ್ಯುತ್ ಗರಗಸವಾದರೆ ಇದಕ್ಕೆ ತಿರುಗುಮುರುಗು.

ಉಳಿದ ಅಂಚನ್ನು ತೆಗೆಯುವುದು ನಮ್ಮ ಕಡೆ ರಂಧಾ ಎನ್ನುವ ಕೀಸುಳಿಯ ಕೆಲಸ. ಎಡಬಲದ ಜೋಡಿ ತುಂಡುಗಳನ್ನು ಮೈಗೆ ಮೈ ಸೇರಿಸಿ ಬಿಗಿದು, ಎರಡನ್ನೂ ಒಟ್ಟಿಗೆ ಕೀಸಬೇಕು. ಆಗ ಅವು ಅವಳಿಗಳಾಗುತ್ತವೆ. ತುದಿಯಿಂದ ಹೊರಕ್ಕೆ ತಳ್ಳಿದರೆ ಪದರು ಸೀಳುವುದು. ಎರಡೂ ತುದಿಗಳಿಂದ ಒಳಮುಖವಾಗಿ ಕೀಸಿರಿ. ಪ್ಲೈವುಡ್ಡಿನೊಳಗಿನ ಅಂಟು ಅಲಗನ್ನು ಬೇಗ ಮೊಂಡಾಗಿಸುವುದರಿಂದ ಆಗಾಗ ಸಾಣೆ ಹಿಡಿಯಬೇಕು. ಬಳಿಕ ಅಂಚಿನ ಗುಂಟ ಒಂದು ಕಣ್ಣಿನಿಂದ ನೋಡಿದರೆ ಉಬ್ಬುತಗ್ಗುಗಳು ತಾವೇ ಹೇಳಿಕೊಳ್ಳುತ್ತವೆ. ಕೊಯ್ದ ಅಂಚು ನೀರನ್ನು ಹೀರುವುದರಿಂದ ಅದಕ್ಕೆ ರಾಳದ ಲೇಪ ತಪ್ಪದಿರಲಿ. ಕೆಲಸದ ಉದ್ದಕ್ಕೂ ಮೂಗಿಗೆ ಬಟ್ಟೆ ಕಟ್ಟಿರಬೇಕು.

2020ರ ಅಕ್ಟೋಬರದಲ್ಲಿ ಭೀಮೆಯ ಮಹಾಪೂರವನ್ನು ಕಂಡವರಿಗೆ ಇನ್ನೊಂದು ಮಾತು ಹೇಳಬೇಕಾಗಿಲ್ಲ. ಆದರೂ ಮಕ್ಕಳಿಗಾಗಿ ಹೇಳುತ್ತೇವೆ. ಮನೆಯಲ್ಲಿ ಕಟ್ಟಿದ ದೋಣಿ ನಿಂತ ನೀರಿನದು, ಪೂರದ್ದಲ್ಲ. ತೇಲುವ ಅಂಗಿಯಿಲ್ಲದೆ, ಈಜು ಬಲ್ಲ ಹಿರಿಯರಿಲ್ಲದೆ ಅದನ್ನು ನೀರಿಗಿಳಿಸಕೂಡದು.

ಹಲಗೆಯ ಬೆಲೆ ಹಗುರಲ್ಲ. ಮೊದಲು ಹತ್ತನೆಯ ಒಂದು ಅಳತೆಯಲ್ಲಿ ದಪ್ಪ ರಟ್ಟಿನ ತುಂಡುಗಳನ್ನು ಕತ್ತರಿಸಿ, ದಾರದಿಂದ ಹೊಲಿದು ನೋಡಿರಿ. ಸಂದುಗಳು ಕೂಡಿದವೆಂದರೆ ಗರಗಸವನ್ನು ಕೈಗೆ ತೆಗೆದುಕೊಳ್ಳಲು ಅಡ್ಡಿಯಿಲ್ಲ.